ಬಂತೇನ್ರೀ?

ಸಾಕೆಟ್ ಪ್ರೋಗ್ರಾಮಿಂಗ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಟಿಸಿಪಿ, ಇಲ್ಲಾಂದ್ರೆ ಯುಡಿಪಿ. ಇವೆರಡನ್ನೂ ಬಿಟ್ಟು ಬೇರೆ ಒಂದು ಇತ್ತು ಅಂದ್ರೆ ಆಫೀಸಿನ ಹೊಸ ಹುಡುಗರು ನನ್ನ ವಯಸ್ಸು ಲೆಕ್ಕ ಹಾಕ್ತಾರೆ. ಆದರೆ ನಾನು ಬರೆದ ಕೋಡು ಮೊದಲ ಸಲ ನಿಜವಾಗಿ ಯಾರಿಗಾದರೂ ಉಪಯೋಗಕ್ಕೆ ಬಂದಿದ್ದು ಆ ಬೇರೆಯದರಲ್ಲೇ. ಅದರ ಹೆಸರು ಐಪಿಎಕ್ಸ್. ಓಡಿದ್ದು ಹುಮನಾಬಾದಿನಲ್ಲಿ, ಹೈವೇ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ.

ಶೆಡ್ಡು ನಮ್ಮ ಸೋದರಮಾವನದು. ಅಲ್ಲಿ ಲಾರಿ, ಟ್ರ್ಯಾಕ್ಟರು ತೂಗುವ ಕಾಟಾ ಇದೆ. ತೊಗರಿ ಹೇರಿಕೊಂಡು ಬಂದ ಗಾಡಿ ಮೊದಲು ಭರ್ತಿ ತೂಕ ಹಾಕಿಸಬೇಕು, ಮಾಲು ಇಳಿಸಿ ವಾಪಸು ಬಂದು ಖಾಲಿ ತೂಕ ಹಾಕಿಸಬೇಕು. ಎರಡನ್ನೂ ಕಳೆದರೆ ರೈತನ ಲೆಕ್ಕ. ಕಾಟಾದ ಪಕ್ಕದ ಕ್ಯಾಬಿನ್ನಿನಲ್ಲಿ ಒಂದು ಡಾಸ್ ಕಂಪ್ಯೂಟರು, ಅಂಗಳದ ಆಚೆ ಮಾವ ಕೂರುವ ಆಫೀಸಿನಲ್ಲಿ ಇನ್ನೊಂದು. ನಡುವೆ ಟಿವಿ ಕೇಬಲಿನಂಥ ಕಪ್ಪು ಕೋಆಕ್ಸ್ ತಂತಿ, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರು. 1997ರಲ್ಲಿ ಯಾರೋ ಬಂದು ಕೂಡಿಸಿ ಹೋದ ವ್ಯವಸ್ಥೆ. ಪ್ರೋಗ್ರಾಮಿನ ಸೋರ್ಸ್ ಕೋಡು ಆತನ ಜೊತೆಗೇ ಹೋಯ್ತು.

ಐಪಿಎಕ್ಸ್ ಅನ್ನು ತಂದಿದ್ದು ನೋವೆಲ್ ಕಂಪನಿ, ತನ್ನ ನೆಟ್‌ವೇರ್‌ಗಾಗಿ. ಮೂಲ ವಿಚಾರ ಝೆರಾಕ್ಸ್‌ನವರದು. 90ರ ದಶಕದಲ್ಲಿ ಎಷ್ಟೋ ಆಫೀಸುಗಳ ಲೋಕಲ್ ನೆಟ್‌ವರ್ಕ್ ಇದರ ಮೇಲೇ ನಡೀತಿತ್ತು. ನೀವು ಸೈಬರ್ ಕೆಫೆಯಲ್ಲಿ ಡೂಮ್ ಅಥವಾ ಸ್ಟಾರ್‌ಕ್ರಾಫ್ಟ್ ಆಡಿದವರಾದರೆ ಮಲ್ಟಿಪ್ಲೇಯರ್ ಮೆನುವಿನಲ್ಲಿ ಈ ಮೂರಕ್ಷರ ನೋಡಿರ್ತೀರಿ. ಅದರ ಚಂದ ಏನಂದ್ರೆ ಐಪಿ ವಿಳಾಸ ಕೊಡೋ ತಲೆನೋವಿಲ್ಲ. ಕಾರ್ಡಿನ 6 ಬೈಟಿನ ಹಾರ್ಡ್‌ವೇರ್ ನಂಬರೇ ಮನೆ ನಂಬರು, ಅದರ ಮುಂದೆ 4 ಬೈಟಿನ ನೆಟ್‌ವರ್ಕ್ ನಂಬರು, ಕೊನೆಗೆ 2 ಬೈಟಿನ ಸಾಕೆಟ್ ನಂಬರು. ತಂತಿ ಚುಚ್ಚಿದ್ರೆ ಮಾತು ಶುರು.

2011ರಲ್ಲಿ ಆಫೀಸಿನ ಡಾಸ್ ಮಶೀನು ಸತ್ತಾಗ ನಾನು ಇಂಜಿನಿಯರಿಂಗ್ ಕೊನೇ ವರ್ಷ. ಒಂದು ಹಳೇ ಪಿಸಿಗೆ ಲಿನಕ್ಸ್ ಹಾಕಿ, ಸಿ ಭಾಷೆಯಲ್ಲಿ 200 ಸಾಲು ಬರೆದೆ. ಸಾಕೆಟ್ ತೆರೆಯುವಾಗ ಎಎಫ್ ಐನೆಟ್ ಅನ್ನೋ ಕಡೆ ಎಎಫ್ ಐಪಿಎಕ್ಸ್, ಬಗೆ ಡೇಟಾಗ್ರಾಮ್, ಆಮೇಲೆ ಬೈಂಡ್ ಮಾಡಿ ಕಾಯೋದು. ಕ್ಯಾಬಿನ್ನಿನಿಂದ ಮೊದಲ ತೂಕ ಬಂದು ಪರದೆ ಮೇಲೆ ಮೂಡಿದಾಗ ಮಾವ ಮಿರ್ಚಿ ಭಜಿ ತರಿಸಿದ್ರು. ಕ್ಯಾಂಪಸ್ ಸೆಲೆಕ್ಷನ್ ಆದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ಇನ್ನು 2020ರ ಡಿಸೆಂಬರಿಗೆ ಬರ್ತೀನಿ. ಕೊರೋನಾ ಕಾಲ, ವರ್ಕ್ ಫ್ರಮ್ ಹೋಂ. ನಾನು ಬಸವಕಲ್ಯಾಣದ ಅಪ್ಪನ ಮನೆಯ ಮಾಳಿಗೆ ಮೇಲೆ ಕೂತು ಬೆಂಗಳೂರಿನ ಸ್ಟ್ಯಾಂಡಪ್ ಮೀಟಿಂಗ್ ಅಟೆಂಡ್ ಮಾಡ್ತಿದ್ದೆ. ಒಂದಿನ ಮಾವನ ಫೋನು: "ಅವ್ವಾ, ನಿನ್ನ ಕಂಪ್ಯೂಟರ್ ಬಂದ್ ಬಿದ್ದದ. ತೊಗರಿ ಸೀಜನ್ ಚಾಲೂ ಆಗ್ಯಾದ. ಬಂದ್ ನೋಡ್ತಿ ಏನು?"

ಹಾರ್ಡ್ ಡಿಸ್ಕ್ ಹೋಗಿತ್ತು. ಶನಿವಾರ ನನ್ನ ಹಳೇ ಲ್ಯಾಪ್‌ಟಾಪಿಗೆ ಉಬುಂಟು 20.04 ಹಾಕಿಕೊಂಡು, ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹಿಡಿದು ಹುಮನಾಬಾದಿಗೆ ಹೋದೆ. ಹಳೇ ಕೋಡು ಕಂಪೈಲ್ ಆಯ್ತು. ಓಡಿಸಿದರೆ ಎರರ್ ನಂಬರ್ 97. ಅಂಥ ವಿಳಾಸ ಕುಟುಂಬವೇ ತನಗೆ ಗೊತ್ತಿಲ್ಲ ಅಂತಿದೆ ಕರ್ನೆಲ್ಲು!

ಹುಡುಕಿದಾಗ ಗೊತ್ತಾಯ್ತು. 2018ರಲ್ಲೇ, 4.18ನೇ ಆವೃತ್ತಿಯಲ್ಲಿ, ಲಿನಕ್ಸ್‌ನಿಂದ ಐಪಿಎಕ್ಸ್ ಕಿತ್ತು ಹಾಕಿದ್ರು. ವಿಂಡೋಸ್ ಅಂತೂ ವಿಸ್ತಾ ಕಾಲಕ್ಕೇ ಕೈಬಿಟ್ಟಿತ್ತು. ನಾನೂ ಆಫೀಸಿನಲ್ಲಿ ಯಾರೂ ಬಳಸದ ಕೋಡು ಅಂತ ಎಷ್ಟೋ ಫೈಲು ಅಳಿಸಿದವಳೇ. ಈ ಸಲ ಆ 'ಯಾರೂ' ನಮ್ಮ ಮಾವ ಆಗಿದ್ರು, ಅಷ್ಟೇ.

ದಾರಿ ಇತ್ತು. ಕರ್ನೆಲ್ಲಿಗೆ ಐಪಿಎಕ್ಸ್ ಮರೆತಿದ್ರೂ ತಂತಿ ಮೇಲೆ ಬಂದ ಫ್ರೇಮನ್ನು ಹಾಗೇ ಎತ್ತಿ ಕೊಡುವ ಪ್ಯಾಕೆಟ್ ಸಾಕೆಟ್ ಇದೆ. ಬಿಎನ್‌ಸಿ ಬಾಯಿ ಇದ್ದ ಹಳೇ ಹಬ್ ಒಂದು ಮೂಲೆಯಲ್ಲಿತ್ತು. ಅದರ ಮೂಲಕ ಲ್ಯಾಪ್‌ಟಾಪ್ ಜೋಡಿಸಿ ಟಿಸಿಪಿಡಂಪ್ ಹಚ್ಚಿದೆ. ಎಥರ್ನೆಟ್ ಹೆಡರಿನ 14 ಬೈಟು ದಾಟಿದ ಮೇಲೆ ಎರಡು ಎಫ್‌ಎಫ್. ಅದು ನೋವೆಲ್‌ನ ಹಳೇ ಫ್ರೇಮಿನ ಗುರುತು. ಚೆಕ್‌ಸಮ್ ಜಾಗ ಬಳಸದೇ ಹಾಗೇ ಬಿಟ್ಟಿರ್ತಾರೆ. ಐಪಿಎಕ್ಸ್ ಹೆಡರು ಒಟ್ಟು 30 ಬೈಟು. ಅದನ್ನು ದಾಟಿದರೆ ಗಾಡಿ ನಂಬರು, ತೂಕ, ಎಲ್ಲಾ ಓದೋ ಹಾಗೇ ಇದೆ. ಸಂಜೆಯೊಳಗೆ ಕೆಲಸ ಮುಗೀತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮಾವನಿಗೆ ವಯಸ್ಸಾಗಿದೆ, ಶುಗರ್ ಬೇರೆ, ಆಫೀಸಿನಲ್ಲಿ ಜನ ಮುತ್ತೋದು ಬೇಡ ಅಂತ ಪ್ರಿಂಟರು ತೆಗೆದು ಹಾಕಿದೆ. ತೂಕ ಬಂದ ಕೂಡಲೇ ರೈತನಿಗೂ ಅಡತ್‌ನವರಿಗೂ ಮೊಬೈಲಿನಲ್ಲಿ ಮೆಸೇಜು. ಮಾವ ಮನೇಲಿ ಕೂತು ಫೋನಲ್ಲೇ ನೋಡಬಹುದು.

ಕ್ಯಾಬಿನ್ನಿನಲ್ಲಿ ಕೂರುವ ಕಾಕಾ ಒಬ್ಬರಿದ್ದಾರೆ, ಕಾಟಾ ಶುರುವಾದಾಗಿನಿಂದ ಇರೋರು. ಅವರಿಗೊಂದು ಅಭ್ಯಾಸ. ಎಂಟರ್ ಒತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಮಾಲಕ್, ಬಂತೇನ್ರೀ?" ಅಂತ ಕೂಗೋದು. ಮಾವ ಆಫೀಸಿನಿಂದ ಕೈ ಎತ್ತಬೇಕು. ಚಿಕ್ಕವಳಿದ್ದಾಗಿಂದ ಕೇಳಿದ ಕೂಗು. ಖಾಲಿ ಆಫೀಸಿನ ಕಡೆ ಅವರು ಕೂಗೋದು ನೋಡಿ ನನಗೆ ನಗು ಬಂತು.

"ಕಾಕಾ, ಇನ್ನ ಕೂಗೋದು ಬ್ಯಾಡ್ರಿ. ಎಲ್ಲಾ ಆಟೋಮ್ಯಾಟಿಕ್ ಆಗ್ತದ."

"ಹೌದಾ ಬೇಟಾ? ಛಲೋ ಆಯ್ತು," ಅಂದ್ರು.

ನಾಲ್ಕನೇ ದಿನ ಮಾವನ ಫೋನು. ಈ ಸಲ ದನಿ ಬೇರೆ ಇತ್ತು. ಒಬ್ಬ ರೈತನ ಖಾಲಿ ತೂಕ ಬಂದೇ ಇಲ್ಲ. ನೆಟ್‌ವರ್ಕ್ ಇಲ್ಲ, ಆಮೇಲೆ ಮೆಸೇಜ್ ಬರ್ತದ ಅಂತ ಆತ ಟ್ರ್ಯಾಕ್ಟರ್ ತಗೊಂಡು ಊರಿಗೆ ಹೋಗಿದ್ದಾನೆ. ಅಡತ್‌ನವರು ಟ್ರಾಲಿ ತೂಕ ಅಂದಾಜಿನಲ್ಲಿ ಹಿಡಿದು ದುಡ್ಡು ಕೊಟ್ಟಿದ್ದಾರೆ. ಆತನ ಲೆಕ್ಕದಲ್ಲಿ ಎರಡು ಕ್ವಿಂಟಾಲ್ ತೊಗರಿ ಕಮ್ಮಿ. ಆತ ಅಡತ್‌ನವರನ್ನು ಬೈಯಲಿಲ್ಲ, ಕಾಟಾಕ್ಕೆ ಬಂದು ನಾಲ್ಕು ಜನರ ಮುಂದೆ ಕೇಳಿದ್ದಾನೆ.

"ಇಷ್ಟು ವರ್ಷದಾಗ ನಮ್ಮ ಕಾಟಾದ ಮ್ಯಾಲೆ ಒಂದ್ ಮಾತು ಬಂದಿದ್ದಿಲ್ಲವ್ವಾ," ಅಂದ್ರು ಮಾವ. ಆ ದುಡ್ಡು ಅವರೇ ಕೈಯಿಂದ ಕೊಟ್ಟಿದ್ದರು. ಕೊಟ್ಟಿದ್ದನ್ನು ನನಗೆ ಹೇಳಿದ್ದು ಅತ್ತೆ.

ಮರುದಿನ ಮೀಟಿಂಗ್‌ಗಳಿಗೆಲ್ಲ ರಜೆ ಹಾಕಿ ಓಡಿದೆ. ಕ್ಯಾಬಿನ್ ಕಡೆಯ ಟಿ ಕನೆಕ್ಟರು ಸಡಿಲಾಗಿತ್ತು. ಲೋಡು ಗಾಡಿ ಹತ್ತಿದಾಗೆಲ್ಲ ಅಲುಗಾಡ್ತದೆ. ಟರ್ಮಿನೇಟರ್ ಸರಿ ಕೂರದಿದ್ದರೆ ಸಿಗ್ನಲ್ಲು ತುದಿಗೆ ಬಡಿದು ವಾಪಸು ಬರ್ತದೆ, ಕಾರ್ಡಿಗೆ ಅದು ಡಿಕ್ಕಿ ಅನ್ನಿಸ್ತದೆ. 16 ಸಲ ಪ್ರಯತ್ನ ಮಾಡಿ ಕಾರ್ಡು ಕೈ ಚೆಲ್ತದೆ. ಡಾಸ್ ಪ್ರೋಗ್ರಾಮಿಗೆ ಇದರ ಪರಿವೆಯೇ ಇಲ್ಲ. ಐಪಿಎಕ್ಸ್ ಕೂಡ ತಲುಪಿಸೋ ಭರವಸೆ ಕೊಡೋದಿಲ್ಲ. ಭರವಸೆ ಬೇಕಂದ್ರೆ ಅದರ ಮೇಲೆ ಎಸ್‌ಪಿಎಕ್ಸ್ ಅಂತ ಬೇರೆ ಇತ್ತು, ಅದನ್ನು ಬಳಸಿರಲಿಲ್ಲ.

"ಕಾಕಾ, ಮೊದಲೂ ಹಿಂಗೇ ಆಗ್ತಿತ್ತಾ?"

"ಆಗ್ತಿತ್ತು ಬೇಟಾ. ದಿನಾ ಒಂದೆರಡು. ಮಾಲಕ್ ಕೈ ಎತ್ತಲಿಲ್ಲಂದ್ರ ಎಫ್3 ಒತ್ತತಿದ್ದೆ. ಮತ್ತ ಹೋಗ್ತಿತ್ತು."

ಸುಮ್ಮನೆ ಕೂತುಬಿಟ್ಟೆ. ಕಾಲೇಜಿನಲ್ಲಿ ಅಕ್ನಾಲೆಜ್‌ಮೆಂಟ್, ಟೈಮೌಟ್, ರೀಟ್ರಾನ್ಸ್‌ಮಿಷನ್ ಅಂತ ಬಾಯಿಪಾಠ ಮಾಡಿ ಅಂಕ ತಗೊಂಡವಳು ನಾನು. ಅದೆಲ್ಲಾ 23 ವರ್ಷದಿಂದ ಈ ಅಂಗಳದಲ್ಲಿ ಕೂಗಿನಲ್ಲೂ ಕೈಯಲ್ಲೂ ನಡೀತಿತ್ತು. ನಾನು ಹೆಕ್ಸ್ ಡಂಪ್ ಬೈಟು ಬೈಟು ಓದಿದೆ, ಕಿಟಕಿ ಕಡೆ ನೋಡಲಿಲ್ಲ. ಲಿನಕ್ಸ್‌ನವರು ಕಿತ್ತಿದ್ದನ್ನು ಅರ್ಧ ದಿನದಲ್ಲಿ ವಾಪಸು ಜೋಡಿಸಿದೆ. ನಾನು ಕಿತ್ತಿದ್ದು ಏನು ಅಂತ ತಿಳಿಯೋಕೆ ನಾಲ್ಕು ದಿನ ಆಯ್ತು, ಅದೂ ಒಬ್ಬ ರೈತ ಜನರ ಮುಂದೆ ಬಾಯಿ ಬಿಟ್ಟ ಮೇಲೆ.

ಡಾಸ್ ಪ್ರೋಗ್ರಾಮಿಗೆ ಉತ್ತರ ಕೇಳಿಸಿಕೊಳ್ಳೋದು ಕಲಿಸೋಕೆ ಆಗೋದಿಲ್ಲ, ಸೋರ್ಸೇ ಇಲ್ಲ. ಆದರೆ ಪ್ಯಾಕೆಟ್ಟಿನ ಕೊನೆಯ ಎರಡು ಬೈಟು ಚೀಟಿ ನಂಬರು. ಅದನ್ನು ನೋಡಿ ಎರಡು ಸಲ ಬಂದಿದ್ದನ್ನು ಒಂದೇ ಅಂತ ಹಿಡಿಯಬಹುದು, ನಡುವೆ ಒಂದು ತಪ್ಪಿದರೂ ಗೊತ್ತಾಗ್ತದೆ. ಉತ್ತರಕ್ಕೆ ಬಜಾರಿನಿಂದ ಒಂದು ಕರೆಗಂಟೆ ತಂದೆ. ಲ್ಯಾಪ್‌ಟಾಪಿಗೆ ಯುಎಸ್‌ಬಿ ರಿಲೇ, ಅದರಿಂದ ಕ್ಯಾಬಿನ್ನಿಗೆ ಬೇರೆ ವೈರು. ತೂಕ ಡಿಸ್ಕಿಗೆ ಬರೆದಾದ ಮೇಲೆ ಗಂಟೆ ಹೊಡೀತದೆ. ಹೊಡೀಲಿಲ್ಲ ಅಂದ್ರೆ ಎಫ್3. ಗಂಟೆ ಕೇಳದೇ ಗಾಡಿ ಕಾಟಾ ಇಳಿಯೋ ಹಾಗಿಲ್ಲ. ಪ್ರಿಂಟರನ್ನೂ ವಾಪಸು ಇಟ್ಟೆ.

ಆ ರೈತನ ಮನೆಗೆ ನಾನೂ ಮಾವನೂ ಹೋಗಿದ್ವಿ. ತಪ್ಪು ನಂದು ಅಂದೆ. ಆತ ಚಹಾ ಕುಡಿಸಿ, "ಹೋಗ್ಲಿ ಬಿಡ್ರಿ, ತೂಕ ಸಿಕ್ತಲ್ಲ," ಅಂದ. ಮುಂದಿನ ವಾರ ತೊಗರಿ ತಂದಾಗ ಕಾಟಾ ಮೇಲೆ ಗಾಡಿ ನಿಲ್ಲಿಸಿ ಇಳಿದು ಬಂದು, ಗಂಟೆ ಕೇಳೋವರೆಗೂ ಕ್ಯಾಬಿನ್ನಿನ ಕಿಟಕಿ ಹತ್ತಿರ ನಿಂತಿದ್ದನಂತೆ.

ಕಾಕಾ ಈಗ ಗಂಟೆ ಹೊಡೆದ ಮೇಲೂ ಕಿಟಕಿಯಿಂದ ತಲೆ ಹಾಕಿ "ಬಂತ್ರೀ!" ಅಂತ ಕೂಗ್ತಾರೆ. ಬ್ಯಾಡ ಅಂತ ನಾನು ಹೇಳಿಲ್ಲ.