ಹರಿಹರ: ಒಂದು ನದಿ, ಎರಡು ದಡ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರಾತ್ರಿ ರೈಲಿನಲ್ಲಿ ಹೋಗುತ್ತಿದ್ದ ಹಳಬರಿಗೆ ಹರಿಹರ ಬಂತೆಂದು ತಿಳಿಯಲು ಕಿಟಕಿಯ ಹೊರಗೆ ನೋಡಬೇಕಾಗಿರಲಿಲ್ಲ. ನಿದ್ದೆಗಣ್ಣಿನಲ್ಲೇ ಮೂಗು ಹೇಳಿಬಿಡುತ್ತಿತ್ತು. ಕೊಳೆತ ಎಲೆಕೋಸಿನಂಥ ಆ ವಾಸನೆಗೆ ಗಂಧಕದ ಸಂಯುಕ್ತಗಳು ಕಾರಣ. ಮರದಿಂದ ನಾರಿನ ತಿರುಳನ್ನು ಬೇರ್ಪಡಿಸಲು ಗಂಧಕದ ಲವಣ ಬೆರೆತ ಕ್ಷಾರದಲ್ಲಿ ಬೇಯಿಸುವಾಗ ಹೊರಡುವ ಮರ್ಕ್ಯಾಪ್ಟನ್ ಎಂಬ ಅನಿಲ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮನುಷ್ಯನ ಮೂಗಿಗೆ ಗೊತ್ತಾಗುತ್ತದೆ. ವಾಸನೆ ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗುತ್ತದೆ. ನದಿಗೆ ಸೇರುವುದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹರಿಹರದ ಕಥೆ ಇರುವುದು ಅಲ್ಲಿ.

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಈ ಊರಿಗೆ ಬಂದವರು ಮೊದಲು ಹೋಗುವುದು ಹರಿಹರೇಶ್ವರನ ಗುಡಿಗೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇವಾಲಯ ಇದು. ಒಳಗಿನ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಸ್ಥಳಪುರಾಣದ ಪ್ರಕಾರ ಗುಹಾಸುರನೆಂಬ ರಾಕ್ಷಸನಿಗೆ ಹರಿಯಿಂದಾಗಲಿ ಹರನಿಂದಾಗಲಿ ಸಾವಿಲ್ಲವೆಂಬ ವರವಿತ್ತು. ಒಬ್ಬೊಬ್ಬರಿಂದ ಆಗದ್ದನ್ನು ಮಾಡಲು ಇಬ್ಬರೂ ಒಂದೇ ದೇಹವಾಗಿ ಬರಬೇಕಾಯಿತು. ಶೈವ ವೈಷ್ಣವರ ಜಗಳಕ್ಕೆ ಈ ನೆಲ ಕೊಟ್ಟ ಉತ್ತರವೆಂದು ಇದನ್ನು ವರ್ಣಿಸುವುದು ವಾಡಿಕೆ.

ಗುಡಿಯಿಂದ ಹೊಳೆಯ ಕಡೆಗೆ ನಡೆದರೆ ಹಳೆಯ ಸೇತುವೆ ಸಿಗುತ್ತದೆ. ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ಕಲ್ಲು ಮತ್ತು ಇಟ್ಟಿಗೆಯಲ್ಲಿ ಕಟ್ಟಿದ ಈ ಸೇತುವೆ ಮುಗಿದದ್ದು 1868ರಲ್ಲಿ. ಒಂದೊಂದೂ 60 ಅಡಿ ಅಗಲದ 14 ಕಮಾನುಗಳು. ಇದರ ಲೆಕ್ಕ ಹಾಕಿದ ಎಂಜಿನಿಯರುಗಳ ಹೆಸರು ಸೇತುವೆ ದಾಟಿದ ಜನಕ್ಕೆ ಗೊತ್ತಿಲ್ಲ. ಎಂದೂ ಕಾಣದ ಜನರ ಜೀವವನ್ನು ತನ್ನ ಲೆಕ್ಕದ ಮೇಲೆ ಹೊತ್ತುಕೊಳ್ಳುವುದೇ ಎಂಜಿನಿಯರನ ಕೆಲಸ ಎಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ಬೇಕಿಲ್ಲ.

ಈ ಹೊಳೆ ಬಹುಕಾಲ ಗಡಿಯೂ ಆಗಿತ್ತು. ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಏಕೀಕರಣದ ನಂತರ ಈಚೆಗೆ ಚಿತ್ರದುರ್ಗ ಜಿಲ್ಲೆ, ಆಚೆಗೆ ಧಾರವಾಡ ಜಿಲ್ಲೆ. 1997ರಿಂದ ಈಚೆಗೆ ದಾವಣಗೆರೆ, ಆಚೆಗೆ ಹಾವೇರಿ. ಜಿಲ್ಲೆಗಳ ಹೆಸರು ಬದಲಾದರೂ ನದಿ ಎರಡು ಕಚೇರಿಗಳ ನಡುವೆ ಹರಿಯುವುದು ತಪ್ಪಲಿಲ್ಲ. ಗಡಿಯ ಮೇಲಿನ ನದಿಗೆ ಇಬ್ಬರು ಒಡೆಯರಿದ್ದರೂ, ಕೆಟ್ಟಾಗ ಕೇಳುವವರು ಕಡಿಮೆ.

ಆಚೆ ದಡದ ಕಾರ್ಖಾನೆ

ಹರಿಹರಕ್ಕೆ ಕಾರ್ಖಾನೆ ಹೊಸದಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರವೆಂದೇ ಹೆಸರು. ಹೊಸ ಶತಮಾನದ ಆರಂಭದಲ್ಲಿ ಅದು ಮುಚ್ಚಿದಾಗ ಊರಿನ ಅನೇಕ ಮನೆಗಳ ಒಲೆ ತಣ್ಣಗಾಯಿತು. ಕಾರ್ಖಾನೆ ಎಂದರೆ ಅನ್ನ ಎಂಬುದನ್ನು ಇಲ್ಲಿನ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಸೇತುವೆಯ ಆಚೆ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಬಂದಿತು. ಗ್ವಾಲಿಯರ್ ರೇಯಾನ್, ಅಂದರೆ ಮುಂದೆ ಗ್ರಾಸಿಂ ಎಂದು ಹೆಸರಾದ ಬಿರ್ಲಾ ಸಂಸ್ಥೆಯ ಘಟಕ ಇದು. ನೀಲಗಿರಿ ಮರದ ಚಕ್ಕೆಗಳಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವುದು ಅದರ ಕೆಲಸ. ಮರದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸೆಲ್ಯುಲೋಸ್, ಕಾಲುಭಾಗದಷ್ಟು ಲಿಗ್ನಿನ್ ಎಂಬ ಅಂಟು. ಬೇಕಾದದ್ದು ಸೆಲ್ಯುಲೋಸ್, ಲಿಗ್ನಿನ್ನನ್ನು ಕ್ಷಾರದಲ್ಲಿ ಬೇಯಿಸಿ ಕರಗಿಸಬೇಕು. ಉಳಿಯುವ ಕಪ್ಪು ದ್ರವವನ್ನು ಒಣಗಿಸಿ ಸುಟ್ಟರೆ ರಾಸಾಯನಿಕವೂ ಶಾಖವೂ ಮರಳಿ ಸಿಗುತ್ತವೆ. ಆದರೂ ತೊಳೆದ ನೀರು, ಬಿಳುಪು ಮಾಡಿದ ನೀರು ಉಳಿಯುತ್ತದೆ. ಅದು ಎಲ್ಲಿಗೆ ಹೋಗಬೇಕು?

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರ್ ಶುದ್ಧ ನದಿನೀರಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಮೀನು ಬದುಕುವುದು ಈ ಬಡತನದಲ್ಲಿ. ನೀರಿಗೆ ಸಾವಯವ ಕೊಳೆ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಇರುವ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಕೊಳೆ ಎಷ್ಟು ಆಮ್ಲಜನಕ ಕೇಳುತ್ತದೆ ಎಂಬ ಅಳತೆಗೆ ಜೈವಿಕ ಆಮ್ಲಜನಕದ ಬೇಡಿಕೆ, ಚಿಕ್ಕದಾಗಿ ಬಿ.ಓ.ಡಿ., ಎಂದು ಹೆಸರು. ಮೀನಿಗೆ ವಿಷ ಹಾಕಬೇಕೆಂದೇ ಇಲ್ಲ, ಉಸಿರು ಕಸಿದುಕೊಂಡರೂ ಸಾಕು.

ಹಳ್ಳಿಗರು ಕೋರ್ಟಿಗೆ ಹೋದರು

ಕಾರ್ಖಾನೆಯ ಕೆಳಗಿನ ಹರಿವಿನ ಹಳ್ಳಿಗಳವರಿಗೆ ಬಿ.ಓ.ಡಿ. ಗೊತ್ತಿರಲಿಲ್ಲ. ನೀರಿನ ಬಣ್ಣ, ಸತ್ತ ಮೀನು, ದನಗಳ ಮೈ, ತಮ್ಮದೇ ಚರ್ಮದ ತುರಿಕೆ ಗೊತ್ತಿತ್ತು. ಆ ಸೀಮೆಯಲ್ಲೇ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಸುತ್ತ ಕೆಲಸ ಮಾಡುತ್ತಿದ್ದವರು ಎಸ್.ಆರ್. ಹಿರೇಮಠರು. ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಉದ್ಯೋಗದಲ್ಲಿದ್ದು, 1979ರಲ್ಲಿ ಊರಿಗೆ ಮರಳಿದವರು. ಅವರೂ ಸಂಗಡಿಗರೂ ಕಟ್ಟಿದ ಸಮಾಜ ಪರಿವರ್ತನ ಸಮುದಾಯ 1984ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾರ್ಖಾನೆಯ ಎದುರು ದೊಡ್ಡ ಪ್ರದರ್ಶನ ನಡೆಸಿತು. ಇದಾದ ಎರಡು ತಿಂಗಳಿಗೆ ಭೋಪಾಲದ ದುರಂತ ನಡೆಯಿತು ಎಂಬುದನ್ನು ನೆನೆದರೆ, ಈ ಹಳ್ಳಿಗರು ದೇಶಕ್ಕಿಂತ ಮುಂಚೆ ಎಚ್ಚರಗೊಂಡಿದ್ದರು ಎನ್ನಬೇಕು.

1985ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅರ್ಜಿ ಬೊಟ್ಟು ಮಾಡಿದ್ದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಕಡೆಗೆ. 1974ರ ಜಲ ಕಾಯಿದೆಯ ಪ್ರಕಾರ ನದಿ ಕಾಯಬೇಕಾದ ಸಂಸ್ಥೆ ತನ್ನ ಕರ್ತವ್ಯ ಮಾಡಿಲ್ಲ ಎಂಬುದು ದೂರು. ಅದಕ್ಕೆ ಆಧಾರವಾಗಿ ಮೀನು, ದನಕರು, ಬೆಳೆ, ಮನುಷ್ಯರ ಮೇಲೆ ಆದ ಪರಿಣಾಮಗಳನ್ನು ಎಚ್ಚರಿಕೆಯಿಂದ ದಾಖಲು ಮಾಡಿ ಒದಗಿಸಲಾಗಿತ್ತು. ಬರೀ ಘೋಷಣೆಯಾಗಿದ್ದರೆ ಮಂಡಳಿ ತಳ್ಳಿಹಾಕಬಹುದಿತ್ತು. ದಾಖಲೆಗೆ ಉತ್ತರ ಕೊಡಲೇಬೇಕು.

ಸಂವಿಧಾನದಲ್ಲಿ ಮೂಲಭೂತ ಕರ್ತವ್ಯಗಳು ಮೊದಲಿಂದ ಇರಲಿಲ್ಲ. 1976ರ 42ನೇ ತಿದ್ದುಪಡಿ 51-ಎ ವಿಧಿಯಲ್ಲಿ ಹತ್ತು ಕರ್ತವ್ಯಗಳನ್ನು ಸೇರಿಸಿತು. 2002ರಲ್ಲಿ ಹನ್ನೊಂದನೆಯದು ಬಂತು. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಅದರಲ್ಲೊಂದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಇನ್ನೊಂದು. ಸತ್ತ ಮೀನನ್ನು ಕಂಡು ಶಪಿಸಿ ಸುಮ್ಮನಾಗದೆ ದಿನ, ಜಾಗ ಬರೆದಿಟ್ಟವರು ಎರಡನ್ನೂ ಒಟ್ಟಿಗೆ ಪಾಲಿಸಿದಂತಾಯಿತು.

ಈ ಕರ್ತವ್ಯಗಳನ್ನು ಪಾಲಿಸದವರನ್ನು ನೇರವಾಗಿ ಶಿಕ್ಷಿಸುವಂತಿಲ್ಲ. ಹಾಗೆಂದು ಅವು ಗೋಡೆಯ ಮೇಲಿನ ಸುಭಾಷಿತಗಳಲ್ಲ. ಗಂಗಾನದಿಯ ಕಾನ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲಿ ಇದೇ ವಿಧಿಯನ್ನು ನೆನಪಿಸಿ, ಪರಿಸರ ಸಂರಕ್ಷಣೆಯ ಪಾಠಕ್ಕೆ ವಾರಕ್ಕೆ ಕನಿಷ್ಠ ಒಂದು ಗಂಟೆ ಕೊಡುವಂತೆ ದೇಶದ ಶಿಕ್ಷಣ ಸಂಸ್ಥೆಗಳಿಗೆ ಸೂಚಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ, ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದಿತು. ವಿಶೇಷವೆಂದರೆ ಆ ಅರ್ಜಿಯನ್ನು ಮಾತ್ರ ವಜಾ ಮಾಡಿತು. ಅರ್ಜಿದಾರ ಸಾರ್ವಜನಿಕ ಹಿತದ ಹೆಸರಿನಲ್ಲಿ ಸ್ವಂತ ಹಿತ ಸಾಧಿಸಲು ಬಂದಿದ್ದಾನೆ ಎಂಬುದು ಕಾರಣ. ಹಕ್ಕು ನಿಜ, ಆದರೆ ಅದನ್ನು ಕೇಳುವ ಕೈ ಶುದ್ಧವಾಗಿರಬೇಕು ಎಂದಂತಾಯಿತು.

ನೀರಿನ ಅರ್ಜಿಯ ಬೆನ್ನಿಗೇ ನೆಲದ ಪ್ರಶ್ನೆಯೂ ಎದ್ದಿತು. ಕಾರ್ಖಾನೆಗೆ ಮರ ಬೇಕಲ್ಲ! 1984ರ ನವೆಂಬರಿನಲ್ಲಿ ಸರ್ಕಾರ ಶೇ. 51 ಪಾಲಿನೊಡನೆ, ಹರಿಹರ ಪಾಲಿಫೈಬರ್ಸ್ ಸೇರಿ, ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ನಾಲ್ಕು ಜಿಲ್ಲೆಗಳ 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ ಅದು. ಸರ್ಕಾರಿ ಕಾಗದದಲ್ಲಿ ಅದು ಪಾಳು ನೆಲ. ಹಳ್ಳಿಗರಿಗೆ ದನದ ಮೇವು, ಒಲೆಯ ಸೌದೆ. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರಲ್ಲಿ ಭೂಮಿಯ ವರ್ಗಾವಣೆಗೆ ತಡೆ ಬಿತ್ತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೂರು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ನೆಟ್ಟರು. ಕಿತ್ತರೆ ಸಾಲದು, ಹಚ್ಚಲೂ ಬೇಕು ಎಂಬ ಆ ಹೆಸರೇ ಹಕ್ಕು-ಕರ್ತವ್ಯಗಳ ಪಾಠವಾಗಿದೆ. 1991ರಲ್ಲಿ ಕಂಪನಿಯನ್ನು ಮುಚ್ಚಲು ಸರ್ಕಾರ ನಿರ್ಧರಿಸಿತು.

ಮೂವತ್ತು ಎಂಬ ಅಂಕಿ

ಈಗ ಮತ್ತೆ ದಾವಣಗೆರೆಯ ಕಡೆಗೆ ತಿರುಗಬಹುದು. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಕಾಲೇಜು, 1979ರ ಬಾಪೂಜಿ ತಾಂತ್ರಿಕ ಕಾಲೇಜುಗಳಿಂದಾಗಿ ಅದು ಎಂಜಿನಿಯರುಗಳ ಊರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಸಂವಿಧಾನ ಮತ್ತು ವೃತ್ತಿನೀತಿ ಎರಡನ್ನೂ ಒಂದೇ ವಿಷಯವಾಗಿ ಸೇರಿಸಿದ್ದುಂಟು. ಬೆಸ, ಸಮ ಅಂಕಿಗಳನ್ನು ಕೂಡಿಸಿದಂತೆ ಕಾಣುವ ಈ ಜೋಡಣೆಯ ಅರ್ಥ ಹರಿಹರದ ಸೇತುವೆಯ ಮೇಲೆ ನಿಂತರೆ ತಿಳಿಯುತ್ತದೆ.

ವೃತ್ತಿನೀತಿಯ ತರಗತಿಗಳಲ್ಲಿ ಸಾಮಾನ್ಯವಾಗಿ ಬರುವ ಉದಾಹರಣೆ ಅಮೆರಿಕದ ಚಾಲೆಂಜರ್ ನೌಕೆಯದು. ಚಳಿಯಲ್ಲಿ ರಬ್ಬರಿನ ಉಂಗುರಗಳು ಕೈಕೊಡುತ್ತವೆಂದು ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹೇಳಿದ್ದರು. ವ್ಯವಸ್ಥಾಪಕರು ಒಪ್ಪಲಿಲ್ಲ. 1986ರ ಜನವರಿ 28ರಂದು ಹಾರಿದ 73 ಸೆಕೆಂಡಿಗೆ ನೌಕೆ ಸಿಡಿದು ಏಳು ಜನ ಸತ್ತರು. ಅಲ್ಲಿ ತಪ್ಪು 73 ಸೆಕೆಂಡಿನಲ್ಲಿ ಗೊತ್ತಾಯಿತು. ನದಿಯಲ್ಲಿ ತಪ್ಪು ಗೊತ್ತಾಗಲು ವರ್ಷಗಳು ಬೇಕು. ಪರೀಕ್ಷೆ ಅದೇ, ಆದರೆ ಇಲ್ಲಿ ಅದು ಹೆಚ್ಚು ಕಠಿಣ.

ಒಂದು ಲೆಕ್ಕ ನೋಡಬಹುದು. ನದಿಗೆ ಬಿಡುವ ಕಾರ್ಖಾನೆಯ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ಮಾನದಂಡ. ಜನ ಸ್ನಾನ ಮಾಡುವ ನದಿಯಲ್ಲಿ ಅದು 3 ಮೀರಬಾರದು. ಅಂದರೆ ಒಂದು ಪಾಲು ಕಾರ್ಖಾನೆಯ ನೀರಿಗೆ, ನದಿ ಪೂರ್ತಿ ಶುದ್ಧವೆಂದೇ ಇಟ್ಟುಕೊಂಡರೂ, ಒಂಬತ್ತು ಪಾಲು ನದಿನೀರು ಬೇಕು. ಆಷಾಢ, ಶ್ರಾವಣದಲ್ಲಿ ತುಂಗಭದ್ರೆ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುವಾಗ ಆ ಒಂಬತ್ತು ಪಾಲು ಎಲ್ಲಿಂದ ಬರಬೇಕು? ಕಾಗದದ ಮೇಲಿನ 30 ಎಂಬ ಅಂಕಿ ಆಗಲೂ ಸರಿಯಾಗಿಯೇ ಇರಬಹುದು. ಅಂಕಿ ಸರಿಯಿದೆ ಎಂದು ಸಹಿ ಹಾಕುವುದು ಕಾನೂನು ಪಾಲನೆ. ಏಪ್ರಿಲ್ ತಿಂಗಳಲ್ಲಿ ಇದು ಸಾಲದು ಎಂದು ಕಡತದಲ್ಲಿ ಬರೆಯುವುದು ವೃತ್ತಿನೀತಿ. ಎಂಜಿನಿಯರುಗಳ ಸಂಸ್ಥೆಯ ನೀತಿಸಂಹಿತೆ ಸಮುದಾಯದ ಒಳಿತು, ಪರಿಸರ ರಕ್ಷಣೆ, ಸಾರ್ವಜನಿಕ ಸುರಕ್ಷತೆಗಳನ್ನು ಹೆಸರಿಸಿರುವುದು ಇಂಥ ಸಹಿಗಾಗಿಯೇ. ಹಳ್ಳಿಗನ ಹಕ್ಕು ಆ ಒಂದು ಸಹಿಯಲ್ಲಿ ಉಳಿಯುತ್ತದೆ ಅಥವಾ ಅಳಿಯುತ್ತದೆ.

ಹಾಗಾದರೆ ಕಾರ್ಖಾನೆ ಮುಚ್ಚಿಬಿಡಬಹುದಲ್ಲ ಎನ್ನುವವರು ಕೇರಳದ ಮಾವೂರಿನ ಕಡೆ ನೋಡಬೇಕು. ಚಾಲಿಯಾರ್ ನದಿಯ ದಡದಲ್ಲಿದ್ದ ಇದೇ ಸಮೂಹದ ತಿರುಳಿನ ಕಾರ್ಖಾನೆ ದೀರ್ಘ ಹೋರಾಟದ ಬಳಿಕ 2001ರಲ್ಲಿ ಮುಚ್ಚಿತು. ನದಿ ಉಸಿರಾಡಿತು, ಕೆಲಸಗಾರರು ಬೀದಿಗೆ ಬಂದರು. ಯಂತ್ರಾಪುರದ ಮೌನ ಕೇಳಿದವರು ಅದನ್ನು ಬಯಸಲಾರರು. ಅನ್ನವೂ ನೀರೂ ಒಟ್ಟಿಗೆ ಬೇಕು. ಅದಕ್ಕೆ ದಾರಿ ಹುಡುಕುವುದೇ ಎಂಜಿನಿಯರನ ವಿದ್ಯೆ.

ಎಲ್ಲ ತಪ್ಪನ್ನೂ ಆಚೆ ದಡಕ್ಕೆ ಹೊರಿಸುವಂತೆಯೂ ಇಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಲಿನ ನದಿಭಾಗಗಳ ಪಟ್ಟಿಯಲ್ಲಿ ಹರಿಹರದಿಂದ ಹರಳಹಳ್ಳಿ ಸೇತುವೆಯವರೆಗಿನ ತುಂಗಭದ್ರೆಯೂ ಇತ್ತು. ಊರುಗಳ ಬಚ್ಚಲು, ಚರಂಡಿಗಳ ನೀರೂ ಕೊನೆಗೆ ಸೇರುವುದು ಇದೇ ಹೊಳೆಗೆ. ಬಿ.ಓ.ಡಿ. ಕಾರ್ಖಾನೆಯದೋ ಮನೆಯದೋ ಎಂದು ಮೀನು ಕೇಳುವುದಿಲ್ಲ.

ಸಂಜೆ ಸೋಪಾನಕಟ್ಟೆಯ ಬಳಿ ಜನ ಕೈಕಾಲು ತೊಳೆದು ಗುಡಿಯ ಕಡೆಗೆ ಹೋಗುತ್ತಾರೆ. ಒಳಗೆ ಆರತಿಯ ಬೆಳಕಿನಲ್ಲಿ ಒಂದೇ ಮೂರ್ತಿಯ ಎರಡು ಭಾಗಗಳು ಕಾಣುತ್ತವೆ. ಹಕ್ಕು ಬಲಭಾಗವೋ ಕರ್ತವ್ಯ ಬಲಭಾಗವೋ ಎಂಬ ವಾದ ಅಲ್ಲಿಗೆ ಬೇಕಿಲ್ಲ. ಸೀಳಿದರೆ ಎರಡೂ ಉಳಿಯುವುದಿಲ್ಲ ಎಂಬುದು ಎಂಟುನೂರು ವರ್ಷದ ಹಿಂದೆಯೇ ಇಲ್ಲಿನವರಿಗೆ ತಿಳಿದಿತ್ತು. ಹೊರಗೆ ಹೊಳೆ, ಎರಡೂ ದಡಗಳ ನೀರನ್ನು ಹೊತ್ತುಕೊಂಡು, ಕೆಳಗಿನ ಹಳ್ಳಿಗಳ ಕಡೆಗೆ ಹರಿಯುತ್ತಿರುತ್ತದೆ.