ಹಳೆಯ ಸಾಮಾನಿನ ವಿಕ್ರಯ

ಕೊಳ್ಳುವುದರಲ್ಲಿ ನುರಿತ ಗೃಹಸ್ಥರು ಮಾರುವುದರಲ್ಲಿ ಎಳೆಯ ಮಕ್ಕಳಂತಿರುತ್ತಾರೆಂಬುದು ವಾಚಕರ ಅನುಭವಕ್ಕೂ ಬಂದಿರಬಹುದು. ಸೊಪ್ಪಿನ ಕಟ್ಟೊಂದಕ್ಕೆ ಎರಡು ರೂಪಾಯಿ ಹೆಚ್ಚು ಹೇಳಿದರೆ ಅರ್ಧ ಗಳಿಗೆ ವಾದಿಸತಕ್ಕವರೇ, ಮೂವತ್ತು ವರ್ಷ ಬಳಸಿದ ಹಿತ್ತಾಳೆಯ ಕೊಳದಪ್ಪಲೆಯನ್ನು ಬಾಗಿಲಿಗೆ ಬಂದ ಗುಜರಿಯವನು ಕೇಳಿದ ಬೆಲೆಗೆ ಎತ್ತಿಕೊಟ್ಟು, ನೆರೆಯವರು ಕಾಣುವ ಮೊದಲೇ ಕದವಿಕ್ಕಿಕೊಳ್ಳುತ್ತಾರೆ. ಇದಕ್ಕೆ ಕಾರಣ ಅಜ್ಞಾನವಲ್ಲ, ಲಜ್ಜೆ. ಪಾತ್ರೆಪದಾರ್ಥ ಬೀದಿಗೆ ಬಂದರೆ ಮನೆ ಮುರಿಯಿತೆಂದು ಊರು ಆಡಿಕೊಂಡೀತೆಂಬ ಭಯ. ಈ ಲಜ್ಜೆಗಾಗಿ ನಾವು ತೆರುವ ದಂಡವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡುವ ಸಂದರ್ಭ ಕಳೆದ ವರ್ಷ ನಮಗೆ ಒದಗಿತು.

ಕೋಲಾರದ ಚಿನ್ನದ ಗಣಿಯ ವೃತ್ತಾಂತವನ್ನು ವಾಚಕರು ಬಲ್ಲರು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ, 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ಪಡೆದ ಆ ಗಣಿಯು 2001ನೆಯ ಇಸವಿಯ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಅಲ್ಲಿನ ಮನೆಗಳು ಒಂದೊಂದಾಗಿ ಬರಿದಾಗುತ್ತಿವೆ. ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು ಕೆಲವರಾದರೆ, ಮರಳದೆ ಅಲ್ಲಿಯೇ ನೆಲೆಸಿದವರು ಹಲವರು. ಗಣಿಯಲ್ಲಿ ಕೆಲಸಕ್ಕಿದ್ದ ನಮ್ಮ ಭಾವನವರು ತೀರಿಕೊಂಡ ಮೇಲೆ, ರಾಬರ್ಟ್‌ಸನ್ ಪೇಟೆಯ ಬಾಡಿಗೆಯ ಮನೆಯಲ್ಲಿ ಒಬ್ಬಳೇ ಇದ್ದ ನಮ್ಮ ಅಕ್ಕನೂ ಹೊರಟು ನಿಂತಳು. ಮಗಳ ಮನೆಯ ಸಮೀಪದಲ್ಲಿ ಒಂದು ಕೋಣೆಯ ಬಿಡಾರ ಗೊತ್ತಾಗಿತ್ತು. ಮುಂಗಡಕ್ಕೆ ಹತ್ತು ಸಾವಿರ ಕಡಮೆಯಾಗಿತ್ತು. ಅಳಿಯನ ಮುಂದೆ ಕೈಯೊಡ್ಡುವುದಿಲ್ಲವೆಂಬುದು ಆಕೆಯ ಹಟ. ನಮ್ಮಿಂದ ತೆಗೆದುಕೊಳ್ಳುವುದಕ್ಕೂ ಒಪ್ಪಲಿಲ್ಲ.

ಬಾಗಿಲಿಗೆ ಬಂದ ಗುಜರಿಯವನು ಮನೆಯ ಸಾಮಾನನ್ನೆಲ್ಲ ಒಂದು ಸುತ್ತು ನೋಡಿ ಐದು ಸಾವಿರವೆಂದನು. ಅವನ ತಕ್ಕಡಿಯಲ್ಲಿ ಹಿತ್ತಾಳೆಯ ಹಂಡೆಯು ಐದೂವರೆ ಕಿಲೋ ತೂಗಿತು. ಅದೇ ಹಂಡೆಯು ಅಂಗಡಿಯ, ಸರಕಾರದ ಮುದ್ರೆ ಬಿದ್ದ ತಕ್ಕಡಿಯಲ್ಲಿ ಆರೂಮುಕ್ಕಾಲು ಕಿಲೋ ತೂಗಿತು. ಆದಕಾರಣ ಮೊದಲ ಮಾತು ಇದು: ಲೋಹದ ಪಾತ್ರೆಯನ್ನು ಬೇರೆಡೆ ತೂಗಿಸಿ, ಆ ದಿನದ ಧಾರಣೆಯನ್ನು ಪಾತ್ರೆಯಂಗಡಿಯಲ್ಲಿ ವಿಚಾರಿಸಿ ಚೀಟಿಯಲ್ಲಿ ಬರೆದುಕೊಳ್ಳದೆ ಯಾರೊಡನೆಯೂ ಮಾತಿಗೆ ತೊಡಗಬಾರದು. ತೂಕದ ಬೆಲೆಯು ತಳ. ತೂತಿಲ್ಲದೆ ಇನ್ನೂ ನೀರು ಕಾಯಿಸಬಲ್ಲ ಹಂಡೆಗೆ ಅದಕ್ಕಿಂತ ಮೇಲೆ ಬೆಲೆಯುಂಟು. ಅದನ್ನು ಕೊಡುವವನು ಗುಜರಿಯವನಲ್ಲ, ಹಂಡೆ ಬೇಕಾದ ಸಂಸಾರಿ. ಅವನು ಸಿಕ್ಕುವುದು ಸಂತೆಯಲ್ಲಿ.

ಸಂತೆಯಲ್ಲಿ ಕೂರುವುದೆಂದೊಡನೆ ಅಕ್ಕನ ಮುಖ ಬಾಡಿತು. ರಾಬರ್ಟ್‌ಸನ್ ಪೇಟೆಯಲ್ಲಂತೂ ಆಗದೆಂದಳು. ಬಂಗಾರಪೇಟೆಗೆ ಸಾಗಿಸುವುದೆಂದು ಕೊನೆಗೆ ಒಪ್ಪಂದವಾಯಿತು. ಬಂಗಾರಪೇಟೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಮ್ಮನ್ನು ಗುರುತಿಸದವರಾರು ಎಂಬುದನ್ನು ಆಕೆ ಯೋಚಿಸಲಿಲ್ಲ, ನಾವೂ ನೆನಪಿಸಲಿಲ್ಲ! ಇಂಗ್ಲೆಂಡಿನಲ್ಲಿ ಸಂಭಾವಿತ ಗೃಹಸ್ಥರು ಭಾನುವಾರದ ಬೆಳಗ್ಗೆ ತಮ್ಮ ಕಾರುಗಳನ್ನು ಮೈದಾನಕ್ಕೆ ತಂದು, ಸ್ಥಳಕ್ಕೆ ಅಲ್ಪ ಶುಲ್ಕ ತೆತ್ತು, ಹಿಂಬದಿಯ ಡಿಕ್ಕಿಯನ್ನು ತೆರೆದು ಮನೆಯ ಹಳೆಯ ವಸ್ತುಗಳನ್ನು ಮಾರುವ ರೂಢಿಯಿದೆ. ಅದರಿಂದ ಅವರ ಮಾನಕ್ಕೆ ಕುಂದಿಲ್ಲ. ನಮಗೆ ಕಾರಿಲ್ಲ, ಬಾಡಿಗೆಯ ಟೆಂಪೋ ಮತ್ತು ಎರಡು ಗೋಣಿತಟ್ಟು ಸಾಕಾದುವು. ನೆಲಬಾಡಿಗೆ ವಸೂಲು ಮಾಡುವವನು ಬಂದಾಗ ಕೊಟ್ಟು ರಸೀದಿ ಪಡೆದೆವು. ರಸೀದಿ ಕೈಯಲ್ಲಿದ್ದರೆ ಪಕ್ಕದ ಕಾಯಂ ವ್ಯಾಪಾರಿಯು ಸ್ಥಳಕ್ಕಾಗಿ ಜಗಳ ತೆಗೆಯುವುದಿಲ್ಲ.

ಸಂತೆಗೆ ಹೋಗುವ ಮೊದಲು ಮನೆಯಲ್ಲಿ ಮಾಡತಕ್ಕ ಕೆಲಸವೊಂದಿದೆ. ಅದು ಉಳಿದೆಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ನಮ್ಮ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೆಂಬುದನ್ನೂ ಎಣಿಸಿದ್ದಾರೆ. ಅನುಶಯವೆಂದರೆ ಕೊಂಡ ಅಥವಾ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು, ಹಿಂದಕ್ಕೆ ಪಡೆಯಲೂಬಹುದು ಎಂಬುದು ಮನುವಿನ ಮತ. ಕೌಟಿಲ್ಯನು ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ಗೋಪಾಲಕರಿಗೆ ಐದು ರಾತ್ರಿಗಳ ಅವಧಿಯನ್ನು ವಿಧಿಸಿದನು. ಗೋಣಿತಟ್ಟಿನ ಮೇಲಿನ ವ್ಯಾಪಾರದಲ್ಲಿ ಒಂದು ಗಳಿಗೆಯ ಅವಧಿಯೂ ಇಲ್ಲ. ಕೊಂಡವನು ಜನದಲ್ಲಿ ಕರಗಿಹೋಗುತ್ತಾನೆ. ಆದುದರಿಂದ ಮನುವಿನ ಹತ್ತು ದಿನಗಳನ್ನು ವಿಕ್ರಯಕ್ಕೆ ಮುಂಚೆಯೇ ಕಳೆಯತಕ್ಕದ್ದು. ಮಾರಬೇಕೆಂದಿರುವುದನ್ನೆಲ್ಲ ಒಂದು ಮೂಲೆಗೆ ಸೇರಿಸಿ ಹತ್ತು ದಿನ ಹಾಗೆಯೇ ಇರಿಸಿ. ಆ ಅವಧಿಯಲ್ಲಿ ಯಾವುದು ತಿರುಗಿ ಅಡುಗೆಮನೆಗೆ ಬರುತ್ತದೆಯೋ ಅದು ಮಾರತಕ್ಕ ವಸ್ತುವಲ್ಲ.

ಅಕ್ಕನಿಗೆ ಹತ್ತು ದಿನಗಳ ವ್ಯವಧಾನವಿರಲಿಲ್ಲ. ಭಾವನವರು ಗಣಿಗೆ ಊಟ ಒಯ್ಯುತ್ತಿದ್ದ ಹಿತ್ತಾಳೆಯ ಕ್ಯಾರಿಯರನ್ನು ತಾನೇ ಹುಣಿಸೆಹಣ್ಣು ಹಾಕಿ ಬೆಳಗಿ ರಾಶಿಗೆ ಸೇರಿಸಿದ್ದಳು. ಮುದುಕಿಯೊಬ್ಬಳು ಮುನ್ನೂರೈವತ್ತಕ್ಕೆ ಒಪ್ಪಿ ಸೆರಗಿನ ಗಂಟು ಬಿಚ್ಚುತ್ತಿರಲು, ಅಕ್ಕ ನಮ್ಮ ತೋಳು ಹಿಡಿದು, "ಅದು ಬೇಡ ಕಣೋ" ಎಂದಳು. ಮಾತು ಕೊಟ್ಟಾಗಿತ್ತು. ನಾವು ಏನು ಹೇಳಬೇಕೆಂದು ತಡವರಿಸುವಷ್ಟರಲ್ಲಿ ಆ ಮುದುಕಿಯು ಅಕ್ಕನ ಬರಿಯ ಹಣೆಯನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿ, "ಇಟ್ಕೋಮ್ಮ, ನಿಮ್ಮನೇಲೇ ಇರ್ಲಿ" ಎಂದು ಗಂಟು ಕಟ್ಟಿಕೊಂಡು ಹೋದಳು. ಇಂಥ ಗಿರಾಕಿ ಎಲ್ಲರಿಗೂ ದೊರೆಯುವುದಿಲ್ಲ. ಬೇರೆಯವರಾಗಿದ್ದರೆ ಸಂತೆ ನೆರೆಯುವಂತೆ ಕೂಗುತ್ತಿದ್ದರು. ಕೂಗಿದ್ದರೆ ನ್ಯಾಯವೂ ಅವರ ಕಡೆಗೇ ಇರುತ್ತಿತ್ತು.

ಇನ್ನು ವ್ಯಾಪಾರದ ಕ್ರಮ. ಬಿಸಿಲೇರುವ ಮೊದಲೇ ಹೋಗಬೇಕು. ಮೊದಲ ಗಳಿಗೆಯಲ್ಲಿ ಬರತಕ್ಕವರು ಬಹುತೇಕ ಹಳೆಯ ಸಾಮಾನಿನ ವರ್ತಕರೇ. ಎಲ್ಲವನ್ನೂ ಸಗಟಾಗಿ ಕೇಳುತ್ತಾರೆ. ಅವರಿಗೆ ಬೋಣಿಗೆಂದು ಸೌಟನ್ನೋ ಲೋಟವನ್ನೋ ಅಗ್ಗವಾಗಿ ಕೊಟ್ಟು ಕಳುಹಿಸಿ, ಹಂಡೆಯನ್ನು ಮಧ್ಯಾಹ್ನದವರೆಗೆ ಹಿಡಿದಿಡುವುದು ಲೇಸು. ನಮ್ಮ ಹಂಡೆಯು ಹನ್ನೊಂದು ಗಂಟೆಗೆ 3,600 ರೂಪಾಯಿಗೆ ಹೋಯಿತು. ಕೊಂಡವರು ಮಗಳ ಮದುವೆ ಗೊತ್ತುಮಾಡಿದ್ದ ರೈತದಂಪತಿಗಳು. ಕೆಲಸ ಮಾಡುವ ವಸ್ತುವು ಕೆಲಸ ಮಾಡುತ್ತದೆಂದು ತೋರಿಸಬೇಕು. ಹೊಲಿಗೆಯ ಯಂತ್ರಕ್ಕೆ ನಮ್ಮ ಗೃಹಿಣಿಯು ದಾರ ಪೋಣಿಸಿ, ಪಕ್ಕದಲ್ಲಿ ಬಟ್ಟೆಯ ತುಂಡನ್ನೂ ಇಟ್ಟಿದ್ದಳು. ಬಂದ ಹೆಂಗಸು ನಾಲ್ಕು ಅಂಗುಲ ಹೊಲಿದು ನೋಡಿ, ಬೆಲ್ಟು ಸಡಿಲವಾಗಿದೆಯೆಂದು ನಾವೇ ಮೊದಲು ಹೇಳಿದ್ದರಿಂದ ಬೇರೆ ದೋಷವನ್ನು ಹುಡುಕದೆ ಕೊಂಡಳು. ಕುಕ್ಕರಿಗೆ ಹೊಸ ರಬ್ಬರು ಹಾಕಿಸಿದ ನೂರು ರೂಪಾಯಿಯು ಮುನ್ನೂರಾಗಿ ಮರಳಿತು. ಮರದ ಮೇಜಿಗೆ ಬಣ್ಣ ಬಳಿಯಬಾರದು. ಹೊಸ ಬಣ್ಣ ಕಂಡರೆ ಕೊಳ್ಳುವವನು ಹುಳುಕನ್ನು ಶಂಕಿಸುತ್ತಾನೆ.

ನಮ್ಮ ಸೀಮೆಯಲ್ಲಿ ಭಾಷೆಯ ತೊಡಕೂ ಉಂಟು. ಗಣಿಯ ಕಡೆಯವರು ತಮಿಳಿನಲ್ಲಿ 'ಎವ್ವಳವು' ಎಂದರೆ ಆಂಧ್ರದ ಗಡಿಯವರು ತೆಲುಗಿನಲ್ಲಿ 'ಎಂತ' ಎನ್ನುತ್ತಾರೆ. ಉರ್ದುವಿನಲ್ಲಿ ಕೇಳುವವರೂ ಇದ್ದಾರೆ. ನೂರರವರೆಗಿನ ಸಂಖ್ಯೆಗಳನ್ನು ಈ ಮೂರು ಭಾಷೆಗಳಲ್ಲಿ ಕಲಿಯುವುದು ನಮ್ಮ ಅಮರಕೋಶದಷ್ಟು ಕಷ್ಟವಲ್ಲ. ಹತ್ತು, ಇಪ್ಪತ್ತರ ಚಿಲ್ಲರೆ ಸೊಂಟದ ಚೀಲದಲ್ಲಿರಲಿ. ಈಗ ಹಲವರು ಮೊಬೈಲಿನಿಂದಲೇ ಹಣ ಕಳುಹಿಸುತ್ತಾರಾದ್ದರಿಂದ ಕ್ಯೂಆರ್ ಕೋಡಿನ ಚೀಟಿಯನ್ನೂ ರಟ್ಟಿಗೆ ಅಂಟಿಸಿ ನಿಲ್ಲಿಸತಕ್ಕದ್ದು. ಆದರೆ ಅವರ ಪರದೆಯನ್ನು ನಂಬದೆ, ಹಣ ಬಂದ ಸೂಚನೆ ನಮ್ಮ ಮೊಬೈಲಿನಲ್ಲಿ ಕಂಡ ಮೇಲೆಯೇ ವಸ್ತುವನ್ನು ಕೈಬಿಡಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣು ಸಾಮಾನಿನ ಮೇಲಿರಲಿ.

ಬೆಲೆ ಹೇಳುವಾಗ ಇಳಿಸುವುದಕ್ಕೆ ಎಡೆ ಬಿಟ್ಟು ಹೇಳುವುದು ಸಂತೆಯ ಧರ್ಮ. ಅದರಲ್ಲಿ ಅಸತ್ಯದೋಷವಿಲ್ಲವೆಂದು ನಾವು ತಿಳಿದಿದ್ದೇವೆ. ತೇಗದ ಮೇಜಿಗೆ ಒಂಬೈನೂರು ಸಿಕ್ಕಿದರೆ ಸಾಕೆಂದು ಮನಸ್ಸಿನಲ್ಲಿಟ್ಟು ಸಾವಿರದ ಇನ್ನೂರು ಹೇಳುತ್ತಿದ್ದೆವು. ನಮ್ಮ ಹಳೆಯ ಶಿಷ್ಯನೊಬ್ಬನು, ಈಗ ಇದೇ ಊರಿನಲ್ಲಿ ಪಾನಿಪುರಿಯ ಗಾಡಿ ಇಟ್ಟವನು, ಬಂದು ಕಾಲು ಮುಟ್ಟಿ, "ನೀವು ಹೇಳಿದ್ದೇ ಬೆಲೆ, ಸಾರ್" ಎಂದು ಸಾವಿರದ ಇನ್ನೂರನ್ನು ಎಣಿಸಿಟ್ಟನು. ಮುನ್ನೂರನ್ನು ಹಿಂದಿರುಗಿಸಿದೆವು. ಅವನು ಬೇಡವೆಂದನು, ನಾವು ಗದರಿಸಿ, ತರಗತಿಯ ದನಿಯಲ್ಲಿಯೇ, ಜೇಬಿಗೆ ಹಾಕಿಸಿದೆವು. ಚೌಕಾಸಿ ಮಾಡಲಾರದವನಿಗೆ ಚೌಕಾಸಿಯ ಬೆಲೆ ಹೇಳುವುದು ಸಲ್ಲದು. ಅಷ್ಟುಹೊತ್ತು ಟೆಂಪೋದ ನೆರಳಿನಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಅಕ್ಕ, ಅವನು ಹೋದ ಬಳಿಕ ಮುಂದೆ ಬಂದು ಗೋಣಿತಟ್ಟಿನ ಬಳಿ ಕುಳಿತಳು.

ಎರಡು ಸಂತೆಗಳಲ್ಲಿ 13,600 ರೂಪಾಯಿ ಹುಟ್ಟಿತು. ಟೆಂಪೋ, ನೆಲಬಾಡಿಗೆ, ಕಾಫಿತಿಂಡಿ ಎಲ್ಲ ಸೇರಿ 1,700 ಕಳೆಯಲು ನಿಂತದ್ದು 11,900. ಅಕ್ಕ ಆ ವಾರವೇ ಮುಂಗಡ ಕಟ್ಟಿದಳು. ಎರಡನೆಯ ಸಂತೆಯ ಸಂಜೆ ಉಳಿದ ಚಿಲ್ಲರೆ ಪಾತ್ರೆಗಳನ್ನು ಕೇಳಿದಷ್ಟಕ್ಕೆ ಕೊಟ್ಟುಬಿಟ್ಟೆವು. ತಿರುಗಿ ಸಾಗಿಸುವ ಬಾಡಿಗೆಯೇ ಅವುಗಳ ಬೆಲೆಗಿಂತ ಹೆಚ್ಚು. ಹಳೆಯ ಪಠ್ಯಪುಸ್ತಕಗಳು ಕಾಗದದ ತೂಕಕ್ಕೆ ಹೋದುವು. ಕಥೆ ಕಾದಂಬರಿಗಳನ್ನು ಮಾತ್ರ ಐದೈದರ ಕಟ್ಟು ಮಾಡಿ ಇಟ್ಟದ್ದರಿಂದ ಕಾಲೇಜಿನ ಹುಡುಗಿಯರು ಕೊಂಡರು. ಒರಳುಕಲ್ಲನ್ನು ಯಾರೂ ಕೇಳಲಿಲ್ಲ. ಅದನ್ನು ರಾಬರ್ಟ್‌ಸನ್ ಪೇಟೆಯ ಮನೆಯ ಹಿತ್ತಲಲ್ಲಿಯೇ ಬಿಟ್ಟು, ಮುಂದೆ ಬರುವ ಬಾಡಿಗೆಯವರಿಗೆ ಬೇಕಾದೀತೆಂದು ಮನೆಯ ಯಜಮಾನರಿಗೆ ತಿಳಿಸಿ ಬಂದೆವು.