ಕಿತ್ತೂರಿನ ಬಾಗಿಲು, ಜಗಲಿಯ ಕಟ್ಟು

ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ಮನೆ ತುಂಬುತ್ತದೆ. ಬೆಂಗಳೂರಿನಿಂದ ಮಗನ ಮಕ್ಕಳು, ಪುಣೆಯಿಂದ ಮಗಳ ಮಕ್ಕಳು ಬಂದು ಸೇರುತ್ತಾರೆ. ಮೊದಲ ನಾಲ್ಕು ದಿನ ಮಾವಿನ ಹಣ್ಣು, ಶೇಂಗಾ ಹೋಳಿಗೆ, ತೋಟದ ಬಾವಿ ಎಂದು ಕಳೆದುಹೋಗುತ್ತವೆ. ಐದನೆಯ ದಿನ ಮಧ್ಯಾಹ್ನದ ಬಿಸಿಲು ಏರುತ್ತಿದ್ದಂತೆ, "ಅಜ್ಜಾ, ಬ್ಯಾಸರಾಗೇತಿ" ಎಂಬ ರಾಗ ಆರಂಭವಾಗುತ್ತದೆ. ಮೊಬೈಲನ್ನು ಕೈಗೆ ಕೊಟ್ಟರೆ ರಾಗ ನಿಲ್ಲುತ್ತದೆ, ನಿಜ; ಆದರೆ ಮಕ್ಕಳೂ ಇಲ್ಲದಂತಾಗಿಬಿಡುತ್ತಾರೆ. ಹೋದ ಬೇಸಿಗೆಯಲ್ಲಿ ಹೀಗೆ ರಾಗ ಎದ್ದ ದಿನವೇ ಬುತ್ತಿ ಕಟ್ಟಿಸಿಕೊಂಡು ನಾಲ್ವರನ್ನೂ ಕಿತ್ತೂರಿಗೆ ಕರೆದುಕೊಂಡು ಹೊರಟೆನು.

ಧಾರವಾಡದಿಂದ ಬೆಳಗಾವಿಯ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ ಕಿತ್ತೂರು. ಅಕ್ಟೋಬರಿನ ಉತ್ಸವದಲ್ಲಿ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. 2024ರಲ್ಲಂತೂ ವಿಜಯಕ್ಕೆ 200 ವರ್ಷ ತುಂಬಿದ ಸಂಭ್ರಮ. ಆದರೆ ಮಕ್ಕಳೊಂದಿಗೆ ನಿಂತು ನೋಡಬೇಕೆನ್ನುವವರಿಗೆ ಬೇಸಿಗೆಯ ಮುಂಜಾವೇ ಲೇಸು. ಬಿಸಿಲೇರುವ ಮೊದಲು ಕೋಟೆ ಸುತ್ತಬೇಕು, ಏರಿದ ಬಳಿಕ ವಸ್ತುಸಂಗ್ರಹಾಲಯದ ನೆರಳು ಸೇರಬೇಕು. ನಾವು ಹಾಗೆಯೇ ಮಾಡಿದೆವು.

ಅರಮನೆ ಎಂದರೆ ಇಂದು ಉಳಿದಿರುವುದು ಮೊಂಡುಗೋಡೆಗಳು, ತಳಪಾಯ, ಸ್ನಾನಗೃಹದ ಗುರುತು, ನೀರು ಹರಿದುಹೋಗುವ ಕಾಲುವೆಗಳು. ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಇರಿಸಿದ ಕಿಂಡಿಯೊಂದನ್ನು ತೋರಿಸುತ್ತಾರೆ. ಹಗಲು ಹತ್ತು ಗಂಟೆಯಾಗಿದ್ದರೂ ನಾಲ್ವರೂ ಸರದಿಯಲ್ಲಿ ಅದಕ್ಕೆ ಕಣ್ಣಿಟ್ಟು ನೋಡಿದರು. ಕಿರಿಯವನು "ನನಗ ಕಾಣ್ತು" ಎಂದು ಆಣೆ ಮಾಡಿದನು.

ವಸ್ತುಸಂಗ್ರಹಾಲಯವು ಕೋಟೆಯ ಆವರಣದಲ್ಲಿಯೇ ಇದೆ. ಖಡ್ಗಗಳು, ಕವಚಗಳು, ಶಾಸನಗಳು, ವೀರಗಲ್ಲುಗಳು ಇವೆ. ಖಡ್ಗಗಳ ಮುಂದೆ ಗಂಡುಹುಡುಗರು ಅಂಟಿಕೊಂಡು ನಿಂತರು. ಹನ್ನೊಂದು ವರ್ಷದ ಮೊಮ್ಮಗಳು ಮಾತ್ರ ಅರಮನೆಯ ಕೆತ್ತನೆಯ ಮರದ ಬಾಗಿಲಿನ ಮುಂದೆ ನಿಂತು ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದಳು: "ಅಜ್ಜಾ, ಬಾಗಲಾ ಇಲ್ಲೆ ಐತಿ. ಮನಿ ಎಲ್ಲಿ ಹೋತು?"

ಆ ಪ್ರಶ್ನೆಗೆ ನಾನು ಅಲ್ಲಿಯೇ ನೆರಳಲ್ಲಿ ಕುಳಿತು ಉತ್ತರ ಹೇಳಬೇಕಾಯಿತು. ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು, ದತ್ತಕವನ್ನು ಕಂಪನಿ ಸರಕಾರ ಒಪ್ಪದೆ ಹೋದದ್ದು, ಧಾರವಾಡದ ಕಲೆಕ್ಟರ ಥ್ಯಾಕರೆ ಸೈನ್ಯ ತಂದು ಅಕ್ಟೋಬರ್ 23ರಂದು ಕೋಟೆಯ ಮುಂದೆ ಮಡಿದದ್ದು, ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 21ರಂದು ಲಿಂಗೈಕ್ಯಳಾದದ್ದು, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದು. ಇವೆಲ್ಲ ಪಠ್ಯಪುಸ್ತಕದಲ್ಲಿಯೂ ಇವೆ. ಆದರೆ ಮನೆ ಕಳೆದುಕೊಂಡ ಬಾಗಿಲನ್ನು ಎದುರಿಗಿಟ್ಟುಕೊಂಡು ಕೇಳುವಾಗ ಮಕ್ಕಳ ಮುಖವೇ ಬೇರೆಯಾಗಿರುತ್ತದೆ.

ಇಲ್ಲೊಂದು ಮಾತನ್ನು ಹೇಳಲೇಬೇಕು. ಅಂದಿನ ಕಾಳಗದಲ್ಲಿ ಕಿತ್ತೂರಿನವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆಹಿಡಿದರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್. ಕಿತ್ತೂರಿನವರು ಅವನಿಗೆ ಕೇಡು ಮಾಡದೆ ಮುಂದೆ ಬಿಟ್ಟುಕೊಟ್ಟರು. ಇದೇ ಎಲಿಯಟ್ ಆಮೇಲೆ ನಮ್ಮ ನಾಡಿನ 600ಕ್ಕೆ ಸಮೀಪದ ಶಾಸನಗಳ ಪ್ರತಿ ಮಾಡಿಸಿದನು. 1845ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಸಿದನು. ಅಲ್ಲಿಯ ಶಿಲ್ಪಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕಿತ್ತೂರಿನ ಸೆರೆಯಾಳು ಕನ್ನಡ ಶಾಸನಗಳ ಸಂಗ್ರಾಹಕನಾದನೆಂದರೆ ಮೆಚ್ಚಬೇಕೋ, ನಮ್ಮ ಕಲ್ಲಿನ ಬೆಲೆ ನಮಗಿಂತ ಮೊದಲು ಪರರಿಗೆ ತಿಳಿಯಿತೆಂದು ನಾಚಬೇಕೋ, ನನಗಂತೂ ಎರಡೂ ಆಗುತ್ತದೆ.

ವೀರಗಲ್ಲನ್ನು ಓದುವುದು ಮಕ್ಕಳಿಗೆ ಬಲು ಇಷ್ಟವಾದ ಆಟವಾಯಿತು. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲಾದರೆ ದನಗಳೂ ಇರುತ್ತವೆ. ನಡುವೆ ವೀರನನ್ನು ಒಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಪೂಜೆಯ ಯತಿ, ಲಿಂಗದೆದುರು ಕುಳಿತ ಆ ವೀರ. ಇಷ್ಟು ಹೇಳಿಕೊಟ್ಟು ಕಾಗದ, ಪೆನ್ಸಿಲು ಕೊಟ್ಟೆನು. ಒಬ್ಬೊಬ್ಬರು ಒಂದೊಂದೇ ವಸ್ತುವನ್ನು ಆರಿಸಿಕೊಂಡು ಚಿತ್ರ ಬರೆಯಬೇಕು, ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಬೇಕು ಎಂದು ಕರಾರು. ಎಲ್ಲವನ್ನೂ ಓಡುತ್ತ ನೋಡುವುದಕ್ಕಿಂತ ಒಂದನ್ನೇ ಅರ್ಧ ಗಂಟೆ ನೋಡುವುದು ಮೇಲೆಂಬುದು ನನ್ನ ಅನುಭವ. ಪುಣೆಯ ಹುಡುಗನಿಗೆ ಕನ್ನಡದ ಒತ್ತಕ್ಷರಗಳು ಬರುತ್ತಿರಲಿಲ್ಲ. "ಖಡ್ಗ" ಎಂಬ ಶಬ್ದ ಬರೆಯುವುದಕ್ಕಾಗಿ ಕಲಿತನು.

ಬರುವ ಮೊದಲು ಮುಗಟಖಾನ ಹುಬ್ಬಳ್ಳಿಗೂ ಹೋಗಿ ಬಂದೆವು. ಮಲಪ್ರಭೆಯ ಪಾತ್ರದಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಲ್ಯಾಣದ ವಿಪ್ಲವದ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ಇದೇ ಸೀಮೆಯನ್ನು ಹಾಯ್ದು ಹೋದರೆಂದು, ಹತ್ತಿರದ ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದವರೊಡನೆ ಕಾದಿದರೆಂದು ನಮ್ಮ ಪರಂಪರೆಯ ನಂಬುಗೆ. ಬೇಸಿಗೆಯಾದ್ದರಿಂದ ಹೊಳೆ ಸೊರಗಿತ್ತು. ಅಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಉಂಡೆವು. ಉಣ್ಣುತ್ತಿರುವಾಗ ಮೊಮ್ಮಗಳು ಮತ್ತೆ ಕೇಳಿದಳು: "ಅವರು ಹೊತ್ತೊಯ್ದ ಕಟ್ಟು ನಮ್ಮ ಜಗಲಿ ಮ್ಯಾಲಿನ ಕಟ್ಟಿನಂಥಾವ ಏನು?"

ನಾನು ತುತ್ತು ಹಿಡಿದು ಕುಳಿತೆನು.

ನಮ್ಮ ಜಗಲಿಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಓಲೆಗರಿಯ ಕಟ್ಟಿದೆ. ನಿತ್ಯ ಅದಕ್ಕೆ ವಿಭೂತಿ, ಹೂವು, ನೀರಿನ ಪ್ರೋಕ್ಷಣೆ ನಡೆಯುತ್ತದೆ. ನನಗೆ ತಿಳಿವಳಿಕೆ ಬಂದಂದಿನಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಮೊದಲು ಎರಡು ಕಟ್ಟುಗಳಿದ್ದವು. ಇನ್ನೊಂದು ಹುಳು ಹಿಡಿದು ಪುಡಿಯಾಗತೊಡಗಿತೆಂದು ನಮ್ಮ ಅಪ್ಪ ಅದನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟು ಬಂದರು. ಬುಟ್ಟಿ ಹೊತ್ತವನು ನಾನೇ. ಅದರಲ್ಲಿ ಏನಿತ್ತೆಂದು ಅಂದು ನಾನೂ ಕೇಳಲಿಲ್ಲ.

ಮರುದಿನದಿಂದ ಮಕ್ಕಳು ಪಡಸಾಲೆಯಲ್ಲಿ ತಮ್ಮದೇ ಪ್ರದರ್ಶನ ಹೂಡಿದರು. ಅಟ್ಟದಿಂದ ಇಳಿದುಬಂದ ಹಿತ್ತಾಳೆಯ ಗಿಂಡಿ, ಬೆಳ್ಳಿಯ ಕರಡಿಗೆ, ಸೇರು, ಬೀಸುವ ಕಲ್ಲು, ಮುತ್ತಜ್ಜಿಯ ಇಳಕಲ್ಲ ಸೀರೆ ಎಲ್ಲವೂ ಸಾಲಾಗಿ ಕುಳಿತವು. ಪ್ರತಿಯೊಂದರ ಮುಂದೆ ಚೀಟಿ: ಹೆಸರು, ಯಾರದು, ಏತಕ್ಕೆ. ನಮ್ಮ ಅವ್ವ ಒಂದೊಂದು ವಸ್ತುವಿಗೂ ಒಂದೊಂದು ಕಥೆ ಹೇಳಿದರು. ನಾನೂ ಕೇಳಿರದ ಕಥೆಗಳು. ಕೊನೆಗೆ ಒಂದು ಚೀಟಿ ಉಳಿಯಿತು. "ಓಲೆಗರಿ ಕಟ್ಟು" ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದರು.

"ಮುತ್ತಜ್ಜಿ, ಒಳಗೇನೈತಿ?"

"ದೇವರು ಐತಿ. ಬಿಚ್ಚಬಾರದು."

ಮೂರು ದಿನ ಮನೆಯಲ್ಲಿ ಈ ಮಾತೇ ನಡೆಯಿತು. ನಾನು ಅವ್ವನಿಗೆ ಹೇಳಿದೆನು: "ಅವ್ವಾ, ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಇಂಥ ಕಟ್ಟುಗಳನ್ನು ಕೂಡಿಸದಿದ್ದರೆ, 1923ರಲ್ಲಿ ವಚನಶಾಸ್ತ್ರಸಾರ ಹೊರಡುತ್ತಿರಲಿಲ್ಲ. ಕೊಟ್ಟವರು ಬಿಚ್ಚಿಯೇ ಕೊಟ್ಟರಲ್ಲ?" ಅವ್ವ ಉತ್ತರ ಕೊಡಲಿಲ್ಲ. ಸೋಮವಾರ ಪೂಜೆಯಾದ ಮೇಲೆ ತಾವೇ ಕಟ್ಟನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಅರಿವೆ ಬಿಚ್ಚಿದಾಗ ಮೊದಲು ಉದುರಿದ್ದು ಪುಡಿ. ಪ್ರೋಕ್ಷಣೆಯ ತೇವ ಅಂಚಿನ ಗರಿಗಳನ್ನು ಒಂದಕ್ಕೊಂದು ಅಂಟಿಸಿತ್ತು. ನಡುವಿನವು ಮಾತ್ರ ಗಟ್ಟಿಯಾಗಿದ್ದವು. ಅವ್ವ ಆ ಪುಡಿಯನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುವಾರ ಅದನ್ನು ಧಾರವಾಡಕ್ಕೆ ಒಯ್ದೆವು. ಅಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಆ ಸಂಸ್ಥೆಯ ವಸ್ತುಸಂಗ್ರಹಾಲಯವನ್ನೂ ಮಕ್ಕಳು ನೋಡಿದರು. ಅದನ್ನು ಇನ್ನೊಮ್ಮೆ ಬರೆಯುವೆನು. ಹಳೆಯ ಗರಿಗಳನ್ನು ಓದಬಲ್ಲ ಹಿರಿಯರೊಬ್ಬರು ಕಟ್ಟನ್ನು ನೋಡಿದರು. ಕಬ್ಬಿಣದ ಕಂಠದಿಂದ ಗರಿಯನ್ನು ಕೊರೆದು, ಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ, ಅಕ್ಷರ ಮೂಡುತ್ತದೆ ಎಂದು ಮಕ್ಕಳಿಗೆ ತೋರಿಸಿದರು. ಒಣಗಿದ ಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿದರೆ ಮೆದುವಾಗುತ್ತದೆ, ಹುಳುವೂ ಹತ್ತಿರ ಬರುವುದಿಲ್ಲ. ನೀರು ಮಾತ್ರ ಎಂದಿಗೂ ತಾಗಬಾರದು. ಬಳಿಯಲ್ಲಿ ಬಜೆಯ ಬೇರು ಅಥವಾ ಒಣಗಿದ ಬೇವಿನ ಎಲೆ ಇಡಬಹುದು. ನಮ್ಮಂತೆಯೇ ಜಗಲಿಯಲ್ಲಿ ಕಟ್ಟು ಇರುವ ಶರಣ ಬಂಧುಗಳು ಇದನ್ನು ಗಮನಿಸಬೇಕೆಂದು ಪ್ರಾರ್ಥನೆ.

ಕಟ್ಟಿನಲ್ಲಿ ಇದ್ದದ್ದು ಚಾಮರಸನ ಪ್ರಭುಲಿಂಗಲೀಲೆಯ ಒಂದು ಭಾಗ. ಕೊನೆಯ ಎರಡು ಗರಿಗಳಲ್ಲಿ ಮಾತ್ರ ಎತ್ತಿನ ಹೊಟ್ಟೆಯುಬ್ಬರಕ್ಕೆ ಔಷಧಿ, ಯಾರೋ ಕೊಡಬೇಕಾದ ಜೋಳದ ಲೆಕ್ಕ. ಅದನ್ನು ಕೇಳಿ ಮಕ್ಕಳು ನಕ್ಕರು, ಅವ್ವನೂ ನಕ್ಕರು. ಗರಿಗಳನ್ನು ಸ್ವಚ್ಛಗೊಳಿಸುವುದಕ್ಕೆಂದು ಅಲ್ಲಿಯೇ ಬಿಟ್ಟು ಬರುವುದೆಂದಾಯಿತು. ಅವ್ವ ಕೇಳಿದ್ದು ಒಂದೇ: "ಅಲ್ಲೆ ದಿನಾ ಯಾರರೆ ವಿಭೂತಿ ಹಚ್ತಾರೇನು?" ಆ ಹಿರಿಯರು ಸುಳ್ಳು ಹೇಳಲಿಲ್ಲ. "ಇಲ್ಲ ತಾಯಿ, ಆದರೆ ದಿನಾ ಯಾರಾದರೂ ಓದ್ತಾರೆ" ಎಂದರು.

ಗರಿಗಳ ಛಾಯಾಚಿತ್ರದ ಪ್ರತಿಯನ್ನು ಕೆಂಪು ಅರಿವೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟಿದ್ದೇವೆ. ಅವ್ವ ಅದಕ್ಕೆ ವಿಭೂತಿ ಹಚ್ಚುತ್ತಾರೆ. ನೀರು ಚಿಮುಕಿಸುವುದನ್ನು ಬಿಟ್ಟಿದ್ದಾರೆ. ಖಾಲಿ ಉಳಿದ ಚೀಟಿಯ ಮೇಲೆ ಮೊಮ್ಮಗಳು ಬೆಂಗಳೂರಿಗೆ ಹೊರಡುವ ಮುನ್ನ ಗ್ರಂಥದ ಹೆಸರು ಬರೆದು ಹೋದಳು. ಜೋಳದ ಲೆಕ್ಕವನ್ನೂ ಬರೆದಿದ್ದಾಳೆ.